ಯಾರೂ ತುಳಿಯದ ಸೇತುವೆ

ಕುರೆಸಾವದ ಕಾಲುವೆಗೆ ಗಟ್ಟಿ ಕಲ್ಲಿನ ಸೇತುವೆ ಬಂದ ಮೇಲೆಯೇ ಊರಿನ ಹೆಂಗಸರು ನೀರಿಗಿಳಿದು ದಾಟಲು ಶುರುಮಾಡಿದ್ದು. ಮುಂಚೆ ಅಲ್ಲಿ ಎರಡು ಮರದ ದಿಮ್ಮಿಗಳಿದ್ದವು. ಪಾಚಿ ಕಟ್ಟಿ ಜಾರುತ್ತಿದ್ದವು, ನಡೆದರೆ ತೂಗುತ್ತಿದ್ದವು. ಆಗ ಯಾರೂ ಕಾಲು ಒದ್ದೆ ಮಾಡಿಕೊಂಡಿರಲಿಲ್ಲ.

ಆ ಚಳಿಗಾಲವೆಲ್ಲ ತೊಸೆ ದಿನ ಬೆಳಗಾದರೆ ಹುಲ್ಲಿನ ಮೆಟ್ಟು ಕೈಯಲ್ಲಿ ಹಿಡಿದು, ಮೊಣಕಾಲಿನವರೆಗೆ ಬಟ್ಟೆ ಎತ್ತಿ ಕಟ್ಟಿ, ಹಿಮದ ಅಂಚನ್ನು ಒಡೆದುಕೊಂಡು ನೀರಿಗೆ ಇಳಿಯುತ್ತಿದ್ದಳು. ಅರವತ್ತು ದಾಟಿದ ಜೀವ. ನೀರು ಮೂಳೆಗೆ ಹಲ್ಲಿಟ್ಟಂತೆ ಕಚ್ಚುತ್ತಿತ್ತು. ನಡುನೀರಿನಲ್ಲಿ ಒಂದು ಗಳಿಗೆ ನಿಂತು, ಪಕ್ಕದಲ್ಲೇ ಮಲಗಿದ್ದ ಸೇತುವೆಯ ಕಡೆ ತಲೆಬಾಗಿ "ನಮು ಅಮಿದ ಬುತ್ಸು" ಎಂದು ಬುದ್ಧನ ಹೆಸರು ಹೇಳುತ್ತಿದ್ದಳು. ಆಮೇಲೆ ಹೆದರುತ್ತ ಹೆದರುತ್ತ ಕಲ್ಲಿನ ಮೈಯನ್ನು ನೋಡುತ್ತಿದ್ದಳು, ರಾತ್ರಿಯ ಹಿಮಕ್ಕೆ ಗಾರೆ ಎಲ್ಲಾದರೂ ಬಾಯಿಬಿಟ್ಟಿದೆಯೋ ಎಂದು.

ಯಾಕೆಂದರೆ ಅದು ಸೇತುವೆಯಾಗಿ ಹುಟ್ಟಿದ ಕಲ್ಲಲ್ಲ. ಯುದ್ಧದಲ್ಲಿ ಸತ್ತವರ ಹೆಸರು ಹೊತ್ತ ಕಲ್ಲು. ನಲವತ್ತು ವರ್ಷ ಶಾಲೆಯ ಹಿಂದಿನ ದಿಬ್ಬದ ಮೇಲೆ, ಸೀಡರ್ ಮರಗಳ ನಡುವೆ, ನೆಟ್ಟಗೆ ನಿಂತಿತ್ತು.

ನೆಟ್ಟಗೆ ಎಂದರೆ ಪೂರ್ತಿ ನೆಟ್ಟಗಲ್ಲ. ಬೆರಳಿನಷ್ಟು ಮುಂದಕ್ಕೆ ಬಾಗಿತ್ತು. ರಷ್ಯಾದ ಯುದ್ಧ ಮುಗಿದ ಎರಡು ವರ್ಷಕ್ಕೆ ಅದನ್ನು ನಿಲ್ಲಿಸಿದ ಕಲ್ಲುಕುಟಿಗ, ಈಗ ಊರಿನ ಕಲ್ಲುಕೆಲಸ ಮಾಡುವ ಯಸೊಜಿಯ ಅಪ್ಪ, ಬೇಕೆಂದೇ ಹಾಗೆ ನಿಲ್ಲಿಸಿದ್ದ. ಎದುರು ನಿಂತು ಕೈಮುಗಿದವರಿಗೆ ಕಲ್ಲೂ ತಲೆಬಾಗಿದ ಹಾಗೆ ಕಾಣಬೇಕು ಎಂದಿದ್ದನಂತೆ. ಒಂಬತ್ತು ಅಡಿಯ ಬಂಡೆ. ಹೊಳೆಯ ಮೇಲ್ದಂಡೆಯಿಂದ ಹಿಮದ ಮೇಲೆ ಜಾರುಬಂಡಿಯಲ್ಲಿ ಊರೆಲ್ಲ ಸೇರಿ ಎಳೆದು ತಂದದ್ದು. ಅದರ ಪೀಠಕ್ಕೆ ಮನೆಗೊಂದು ಕಲ್ಲು. ಪ್ರತಿ ಮನೆಯವರೂ ಹೊಳೆಯಿಂದ ತಾವೇ ಆರಿಸಿ ಬೆನ್ನ ಮೇಲೆ ಹೊತ್ತು ತಂದ ಕಲ್ಲುಗಳನ್ನು ಅವನು ಆರು ಮೂಲೆಯಾಗಿ ಕಡಿದು, ಆಮೆಯ ಚಿಪ್ಪಿನ ಹಾಗೆ ಒಂದಕ್ಕೊಂದು ಕೂಡಿಸಿದ್ದ. ಒಂದು ಹಿಡಿ ಗಾರೆ ಇಲ್ಲ. ಸಂದಿನಲ್ಲಿ ಹುಲ್ಲುಕಡ್ಡಿ ತೂರುತ್ತಿರಲಿಲ್ಲ. ಎರಡು ಭೂಕಂಪಗಳಿಗೆ ದೇವಸ್ಥಾನದ ಹೆಂಚು ಉದುರಿತ್ತು, ಆ ಪೀಠ ಮಿಸುಕಿರಲಿಲ್ಲ.

ಮುಂಭಾಗದಲ್ಲಿ ಯಾರೋ ದೊಡ್ಡ ಸೇನಾಪತಿ ಬರೆದುಕೊಟ್ಟ ಮೂರು ದಪ್ಪ ಅಕ್ಷರ. ಬೆನ್ನಿನ ಮೇಲೆ ಹೆಸರುಗಳು. ಹುದ್ದೆಯ ಪ್ರಕಾರ ಹೆಸರು ಕೆತ್ತಬೇಕೆಂದು ಜಿಲ್ಲೆಯ ಕಚೇರಿಯಿಂದ ಕಾಗದ ಬಂದಿತ್ತಂತೆ. ಕಲ್ಲುಕುಟಿಗ ಒಪ್ಪಲಿಲ್ಲ. ಕಾಲುವೆಯ ನೀರು ಯಾರ ಗದ್ದೆಗೆ ಮೊದಲು ಮುಟ್ಟುತ್ತದೋ ಅವರ ಮನೆಯ ಹೆಸರು ಮೊದಲು, ಆಮೇಲೆ ಅದರ ಕೆಳಗಿನ ಗದ್ದೆಯವರದು. ಹೀಗೆ ನೀರಿನ ಸರದಿಯಂತೆ ಹನ್ನೊಂದು ಮನೆಗೆ ಹನ್ನೊಂದು ಸಾಲು, ಒಂದರ ಪಕ್ಕ ಒಂದು, ಪ್ರತಿ ಸಾಲೂ ಮೇಲಿನಿಂದ ಕೆಳಕ್ಕೆ. ಏಳನೆಯ ಸಾಲಿನ ನೆತ್ತಿಯಲ್ಲಿ ಕಿತಾಹರ ರಿಯೊಸುಕೆ, ತೊಸೆಯ ಗಂಡ.

ಕಲ್ಲು ನಿಂತ ದಿನ ಇಪ್ಪತ್ತಮೂರರ ವಿಧವೆ ತೊಸೆ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಆ ಹೆಸರನ್ನು ಮುಟ್ಟಿ ನೋಡಿದ್ದಳು. ಮುಟ್ಟುತ್ತ ಬೆರಳು ಕೆಳಗಿಳಿದಾಗ ಬರೀ ನುಣುಪು ಕಲ್ಲು ಸಿಕ್ಕಿತ್ತು. ಪ್ರತಿ ಹೆಸರಿನ ಕೆಳಗೂ ಕಲ್ಲುಕುಟಿಗ ಇನ್ನೆರಡು ಹೆಸರು ಹಿಡಿಸುವಷ್ಟು ಜಾಗ ಖಾಲಿ ಬಿಟ್ಟಿದ್ದ.

"ಇದ್ಯಾಕೆ ಬಿಟ್ರಿ?" ಎಂದು ಕೇಳಿದ್ದಳು.

ಅವನು ಉಳಿಯನ್ನು ಬಟ್ಟೆಯಲ್ಲಿ ಸುತ್ತುತ್ತ ಮುಖ ತಿರುಗಿಸಿದ್ದ. ಬೆನ್ನ ಮೇಲಿದ್ದ ಮಗು ಆ ಹೊತ್ತಿಗೆ ಅವಳ ಕೂದಲು ಹಿಡಿದು ಎಳೆಯುತ್ತಿತ್ತು.

ಮೂವತ್ತೊಂದು ವರ್ಷ ತೊಸೆ ಆ ಖಾಲಿ ಜಾಗಕ್ಕೆ ಹೆದರಿ ಬದುಕಿದಳು. ಆಮೇಲೆ ಚೀನಾದ ಯುದ್ಧಕ್ಕೆ ಮಗ ಮೊರಿಯೊ ಹೋದ. ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆ ಬಂತು. ಒಳಗೆ ಮೂಳೆ ಇರಲಿಲ್ಲ, ಅವನ ಹೆಸರು ಬರೆದ ಮರದ ಚೂರು ಇತ್ತು. ಗಂಡನದ್ದಂತೂ ಅದೂ ಬಂದಿರಲಿಲ್ಲ. ಯಸೊಜಿ ತನ್ನ ಅಪ್ಪನ ಉಳಿಯಲ್ಲೇ ರಿಯೊಸುಕೆಯ ಹೆಸರಿನ ಕೆಳಗೆ ಮೊರಿಯೊನ ಹೆಸರು ಕೆತ್ತಿದ. ಅವರಿಬ್ಬರೂ ಈ ಭೂಮಿಯ ಮೇಲೆ ಎಲ್ಲಾದರೂ ಇದ್ದಾರೆಂದರೆ ಆ ಏಳನೆಯ ಸಾಲಿನಲ್ಲೇ. ಅದರ ಕೆಳಗೆ ಇನ್ನೂ ಒಂದು ಹೆಸರಿನ ಜಾಗ ಖಾಲಿ ಇತ್ತು. ಮಗ ಸತ್ತಾಗ ಸೊಸೆ ಇಕುನೊ ಬಸುರಿ. ಗಂಡು ಹುಟ್ಟಿತು. ಊರವರು ವಂಶ ಉಳಿಯಿತೆಂದರು. ತೊಸೆಗೆ ಆ ಖಾಲಿ ಜಾಗ ಕಣ್ಣೆದುರು ಬಂತು.

ದೇಶ ಸೋತ ಮರುವರ್ಷ, ಭತ್ತದ ಕೊಯ್ಲು ಮುಗಿದ ಮೇಲೆ ಗೆದ್ದ ಅಮೆರಿಕನ್ನರ ಅಪ್ಪಣೆ ಬಂತು: ಯುದ್ಧದ ಕಲ್ಲುಗಳನ್ನು ತೆಗೆದುಹಾಕಬೇಕು. ಬೆಟ್ಟದಾಚೆಯ ಊರಿನವರು ತಡಮಾಡಿದರು. ಅವರ ಕಲ್ಲಿಗೆ ಮದ್ದಿಟ್ಟು ಅವರೆದುರಿಗೇ ಒಡೆದರಂತೆ, ಬಚ್ಚಿಡಲು ನೋಡಿದ ಯಜಮಾನನನ್ನು ಕರೆದುಕೊಂಡು ಹೋದವರು ಇನ್ನೂ ಬಿಟ್ಟಿಲ್ಲವಂತೆ ಎಂದು ಸುದ್ದಿ.

ಕುರೆಸಾವದ ಯಜಮಾನ ಕಾನೆಮೊನ್ ದಪ್ಪ ಹೊಟ್ಟೆಯ, ಸಣ್ಣ ಧೈರ್ಯದ ಮನುಷ್ಯ. ಆದರೂ ಆ ಉಪಾಯ ಅವನಿಗೇ ಹೊಳೆಯಿತು. ಪೀಠ ಬಿಚ್ಚಿ ಅವರವರ ಕಲ್ಲು ಅವರವರ ಮನೆಗೆ. ಅವು ಮೂಲಂಗಿ ಉಪ್ಪಿನಕಾಯಿಯ ಪೀಪಾಯಿಗಳ ಮೇಲೆ ಭಾರಕ್ಕೆ ಕೂತವು. ಬಂಡೆಯನ್ನು ದಿಮ್ಮಿಗಳ ಮೇಲೆ ಉರುಳಿಸಿ ತಂದು, ಸೇನಾಪತಿಯ ಅಕ್ಷರಗಳು ನೀರಿನ ಕಡೆ ಬರುವಂತೆ ಕಾಲುವೆಗೆ ಅಡ್ಡ ಮಲಗಿಸಿದರು. ಮೇಲೆ ಬಂದ ಹೆಸರುಗಳಿಗೆ ಯಸೊಜಿ ಮಣ್ಣು, ಸುಣ್ಣ ಕಲಸಿ ಒಂದು ಬೆರಳು ದಪ್ಪ ಗಾರೆ ಬಳಿದ.

"ಇವತ್ತಿಂದ ಇದು ಸೇತುವೆ. ಎಲ್ಲರೂ ಇದರ ಮೇಲೇ ನಡೀಬೇಕು. ಗಾಡಿನೂ ಹೋಗ್ಬೇಕು," ಎಂದ ಕಾನೆಮೊನ್.

ಎಲ್ಲರೂ ಹೂಂ ಅಂದರು. ಯಾರೂ ನಡೆಯಲಿಲ್ಲ. ಗಂಡಸರಿಗೆ ಕಾಲುವೆಯ ಮೇಲ್ತುದಿಯ ಇನ್ನೊಂದು ಹಳೆಯ ಮರದ ಸೇತುವೆಯ ಕಡೆ ಇದ್ದಕ್ಕಿದ್ದಂತೆ ಕೆಲಸಗಳು ಹುಟ್ಟಿಕೊಂಡವು. ಹೆಂಗಸರು ನೀರಿಗೆ ಇಳಿದರು. ಸತ್ತವರ ಮೈಮೇಲೆ ಕಾಲಿಡುವುದು ಎಂಥ ಮಾತು? ಕಾನೆಮೊನನೇ ಒಂದು ಸಲ ದಾಟಿದ್ದ, ಮೆಟ್ಟು ಬಿಚ್ಚಿ, ತುದಿಗಾಲಲ್ಲಿ, ತಮ್ಮನ ಹೆಸರಿದ್ದ ಮೂರನೆಯ ಸಾಲನ್ನು ಉದ್ದಕ್ಕೂ ತಪ್ಪಿಸಿ. ಆಚೆ ದಡ ಸೇರಿ ತಿರುಗಿ ತಲೆಬಾಗಿದ್ದ.

"ಯಜಮಾನ್ರು ಸೇತುವೆ ದಾಟಿದ್ರೋ, ಮಲಗಿದ್ದ ಅತ್ತೆನ ದಾಟಿದ್ರೋ," ಎಂದು ಇಕುನೊ ನೀರಿನಲ್ಲಿ ನಿಂತು ನಕ್ಕಿದ್ದಳು. ತೊಸೆ ನಕ್ಕಿರಲಿಲ್ಲ.

ಮಾರ್ಚ್ ತಿಂಗಳು ಬಂತು. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಕಾಲ. ಗಾರೆಗೆ ಅದಕ್ಕಿಂತ ಕೆಟ್ಟ ಕಾಲವಿಲ್ಲ. ಒಂದು ಬೆಳಿಗ್ಗೆ ತೊಸೆ ನೀರಿನಲ್ಲಿ ನಿಂತು ನೋಡಿದಾಗ ಗಾರೆ ಅಂಗೈ ಅಗಲ ಎದ್ದು ಬಂದಿತ್ತು. ಬಗ್ಗಿ ನೋಡಿದಳು. ಮೊದಲು ಕಂಡದ್ದು ಒಂದು ಗೆರೆ, ಆಮೇಲೆ ಅಕ್ಷರ. ಏಳನೆಯ ಸಾಲು, ಎರಡನೆಯ ಹೆಸರು. ಮೊರಿಯೊ ಅಷ್ಟೂ ಮಂದಿಯ ನಡುವೆ ತಾನೊಬ್ಬನೇ ಹೊದಿಕೆ ಸರಿಸಿ ಮುಖ ತೋರಿಸಿದ್ದ. ಹಸಿಮಣ್ಣು ತುಂಬಿ ಮುಚ್ಚಿದಳು. ಮರುದಿನ ಅದೂ ಉದುರಿತ್ತು. ಯಸೊಜಿಗೆ ಹೇಳಿದರೆ, "ರಾತ್ರಿ ಹೆಪ್ಪುಗಟ್ಟೋದು ನಿಲ್ಲೋ ತನಕ ಗಾರೆ ಹಿಡಿಯಲ್ಲ ಕಣಜ್ಜಿ. ಹಿಮ ಬಿದ್ದು ಮುಚ್ಚಿಕೊಂಡಿದ್ರೆ ನಮ್ಮ ಪುಣ್ಯ," ಎಂದ.

ಹಿಮ ಬಿತ್ತು. ಹತ್ತೊಂಬತ್ತರ ರಾತ್ರಿ ಗೇಣುದ್ದ ಬಿತ್ತು. ತೊಸೆಗೆ ಮೂರು ದಿನದಲ್ಲಿ ಮೊದಲ ಬಾರಿಗೆ ಅನ್ನ ಗಂಟಲಲ್ಲಿ ಇಳಿಯಿತು.

ಇಪ್ಪತ್ತರ ಬೆಳಿಗ್ಗೆ, ಗೋಧಿ ಹೊಲದ ಹಿಮ ಬೇಗ ಕರಗಲೆಂದು ಒಲೆಯ ಬೂದಿಯನ್ನು ಬುಟ್ಟಿಗೆ ತುಂಬಿ ಅವಳು ಬೆನ್ನಿಗೇರಿಸುತ್ತಿದ್ದಾಗ, ಕಾನೆಮೊನ್ ಬಿದ್ದು ಎದ್ದು ಓಡಿ ಬಂದ.

"ಜೀಪು ಹೊರಟಿದೆಯಂತೆ. ಕೆಳಗಿನ ಊರಿಂದ ಹೇಳಿ ಕಳ್ಸಿದಾರೆ. ಕಲ್ಲು ತೆಗೆದಿದಾರೋ ಇಲ್ವೋ ಅಂತ ನೋಡೋಕೆ. ಎಲ್ಲರೂ ಕಾಲುವೆ ಹತ್ರ ಬನ್ನಿ."

ಬಂದವರು ಕಾಲುವೆಯ ದಂಡೆಯಲ್ಲಿ ಸಾಲಾಗಿ ನಿಂತರು. ನಿಂತು ನೋಡಿದಾಗಲೇ ಅವರಿಗೆ ತಾವು ಮಾಡಿದ್ದೇನೆಂದು ಕಂಡದ್ದು.

ಸೇತುವೆಯ ಮೇಲಿನ ಹಿಮ ಹಾಸಿಗೆಯ ಹಾಗೆ ಬೆಳ್ಳಗೆ, ಗುಬ್ಬಿ ಕಾಲಿನ ಗುರುತೂ ಇಲ್ಲದೆ ಬಿದ್ದಿತ್ತು. ಬೆಳಿಗ್ಗೆಯಿಂದ ದಾಟಿದ ಹೆಜ್ಜೆಗಳೆಲ್ಲ ಸೇತುವೆಯ ಬಾಯಿಯವರೆಗೆ ಬಂದು, ಅಲ್ಲಿ ಒಂದು ಗಳಿಗೆ ನಿಂತು, ಪಕ್ಕಕ್ಕೆ ತಿರುಗಿ ನೀರಿಗೆ ಇಳಿದಿದ್ದವು. ಆಚೆ ದಡದಲ್ಲಿ ನೀರಿನಿಂದಲೇ ಎದ್ದು ಹೊರಟಿದ್ದವು. ಊರಿನ ಗುಟ್ಟನ್ನು ಊರಿನ ಭಕ್ತಿಯೇ ಹಿಮದ ಮೇಲೆ ಬರೆದಿಟ್ಟಿತ್ತು.

ಕಾನೆಮೊನನ ಮುಖ ಬೂದಿಯಾಯಿತು. "ನಡೀರಿ. ಯಾರಾದ್ರೂ ನಡೀರಿ. ಹತ್ತು ಜನ ಆಚೆ ಈಚೆ ಓಡಾಡಿದ್ರೆ ಸಾಕು."

"ನೀವೇ ನಡೀರಿ ಯಜಮಾನ್ರೇ, ನಾವು ಹಿಂದೆ ಬರ್ತೀವಿ," ಎಂದಿತು ಯಾವುದೋ ದನಿ.

"ನನ್ನ ಕಾಲು ನಿಲ್ತಾ ಇಲ್ವಲ್ಲೋ."

"ಯಸೊಜಿ ಕುದುರೆ ಹೊಡ್ಕೊಂಡು ಬರ್ಲಿ. ಕುದುರೆಗೇನು ಗೊತ್ತಾಗುತ್ತೆ."

"ಅದು ಇದೇ ಊರಿನ ಕುದುರೆ ಮಾರಾಯ," ಎಂದ ಯಸೊಜಿ. "ಅದೂ ನಿಂತು ತಲೆ ಬಾಗಿಸುತ್ತೆ ನೋಡು."

ಇಕುನೊ ಮುಂದೆ ಬಂದಳು. "ನಾನು ಹೋಗ್ತೀನಿ."

ತೊಸೆ ಅವಳ ತೋಳು ಹಿಡಿದಳು. "ಗಂಡನ ಮೇಲೆ ಕಾಲಿಡ್ತೀಯೇನೆ?"

"ಮತ್ತೇನು ಮಾಡ್ಲಿ ಅತ್ತೆ? ಅವರು ಕಲ್ಲು ಒಡೆದ್ರೆ ಗಂಡನೂ ಇಲ್ಲ, ಮಾವನೂ ಇಲ್ಲ."

ತೊಸೆ ಕೈ ಬಿಡಲಿಲ್ಲ. ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಜೀಪಿನ ಸದ್ದು ಕೇಳಿತು. ಹೇಳಿದ್ದಕ್ಕಿಂತ ಬೇಗ ಬಂದಿದ್ದರು.

ಜೀಪಿನಿಂದ ಉದ್ದನೆಯ ಅಮೆರಿಕನ್ ಕ್ಯಾಪ್ಟನ್ ಇಳಿದ. ಅವನ ಹಿಂದೆ ಅದೇ ಬಟ್ಟೆ ತೊಟ್ಟ, ಆದರೆ ಮುಖ ಮಾತ್ರ ಇಲ್ಲಿಯವರದೇ ಆದ ಒಬ್ಬ ಯುವಕ. ಮಾತು ತಿರುಗಿಸಿ ಹೇಳುವವನು. ಅವನ ಅಜ್ಜ ಈ ಕಡೆಯಿಂದ ಸಮುದ್ರ ದಾಟಿ ಹೋದವನಿರಬೇಕು. ಬಾಯಿ ತೆರೆದರೆ ಈ ಊರಿನ ಮುದುಕರೂ ಮರೆತಿದ್ದ ಹಳೆಯ ಮಾತು ಬರುತ್ತಿತ್ತು. ಅದು ತೊಸೆಗೆ ಇನ್ನಷ್ಟು ಭಯ ತಂದಿತು. ಕ್ಯಾಪ್ಟನ್ನಿಗೆ ಇಲ್ಲಿನ ಅಕ್ಷರ ಬರಲಿಕ್ಕಿಲ್ಲ. ಇವನಿಗೆ ಬರುತ್ತದೆ.

ದಿಬ್ಬದ ಮೇಲೆ ಕರೆದುಕೊಂಡು ಹೋದರು. ಖಾಲಿ ನೆಲ, ಹಿಮ, ಸೀಡರ್ ಮರಗಳು. ಕಲ್ಲು ಒಡೆದು ಹೊಳೆಗೆ ಎಸೆದೆವು ಎಂದ ಕಾನೆಮೊನ್. ಕ್ಯಾಪ್ಟನ್ ತಲೆಯಾಡಿಸಿ ಏನೋ ಬರೆದುಕೊಂಡ. ಅವರು ಇಳಿದು ಬರುವುದನ್ನು ದಂಡೆಯಲ್ಲಿ ನಿಂತಿದ್ದ ತೊಸೆ ನೋಡುತ್ತಿದ್ದಳು. ಜೀಪಿನ ಕಡೆ ತಿರುಗಲಪ್ಪ, ತಿರುಗಲಪ್ಪ ಎಂದು ಅವಳ ತುಟಿ ಅಲುಗುತ್ತಿತ್ತು. ಕ್ಯಾಪ್ಟನ್ ಜೀಪಿನ ಕಡೆ ತಿರುಗಲಿಲ್ಲ. ಆಚೆ ದಡದ ದೇವಸ್ಥಾನವನ್ನು ನೋಡಬೇಕೆಂದು ಸೇತುವೆಯ ಬಳಿಗೆ ಬಂದ. ಬಂದು ನಿಂತ.

ಹಿಮವನ್ನು ನೋಡಿದ. ಹೆಜ್ಜೆಗಳನ್ನು ನೋಡಿದ. ಬೆರಳಿನಿಂದ ಗಾಳಿಯಲ್ಲಿ ಅವುಗಳ ದಾರಿ ಬರೆದ, ಬಂದದ್ದು, ತಿರುಗಿದ್ದು, ನೀರಿಗಿಳಿದದ್ದು. ಯುವಕನಿಗೆ ಏನೋ ಹೇಳಿದ.

"ಇಷ್ಟು ಒಳ್ಳೆ ಸೇತುವೆ ಇದೆಯಲ್ಲ, ನೀವೆಲ್ಲ ಯಾಕೆ ನೀರಲ್ಲಿ ಹೋಗ್ತೀರಿ ಅಂತ ಕೇಳ್ತಿದಾರೆ," ಎಂದ ಯುವಕ.

ಕಾನೆಮೊನ್ ಒಂದು ಹೆಜ್ಜೆ ಹಿಂದೆ ಸರಿದ. ಅವರು ಈಗ ಪೊರಕೆ ತರಿಸುತ್ತಾರೆ, ಹಿಮ ಗುಡಿಸುತ್ತಾರೆ, ಹಿಮದಡಿ ಮೊರಿಯೊ ಕಣ್ಣುಬಿಟ್ಟುಕೊಂಡು ಮಲಗಿದ್ದಾನೆ.

ಮಾತಾಡಿದ್ದು ತಾನೇ ಎಂದು ಅವಳಿಗೆ ಗೊತ್ತಾದದ್ದು ಮಾತು ಹೊರಬಿದ್ದ ಮೇಲೆ. "ಜಾರುತ್ತೆ ಸ್ವಾಮಿ. ಹೋದ ತಿಂಗಳು ನಾನೇ ಬಿದ್ದೆ, ಸೊಂಟ ಹೋಯ್ತು. ಅಲ್ಲಿಂದ ಎಲ್ಲರಿಗೂ ಭಯ. ಇಳಿವಯಸ್ಸಿನವ್ರು ನಾವು, ನೀರೇ ವಾಸಿ."

ಯುವಕ ತಿರುಗಿಸಿ ಹೇಳಿದ. ಕ್ಯಾಪ್ಟನ್ ಅವಳ ಬೆನ್ನಿನ ಬುಟ್ಟಿಯನ್ನು ನೋಡಿ ಏನೋ ಅಂದ.

"ಬುಟ್ಟೀಲಿ ಏನು ಅಂತಾರೆ."

"ಬೂದಿ."

"ಹಾಗಿದ್ರೆ ಅದನ್ನೇ ಚೆಲ್ಲಬಹುದಲ್ಲ ಅಂತಾರೆ."

ತೊಸೆ ಬುಟ್ಟಿ ಇಳಿಸಿದಳು. ಇಕುನೊ "ಅತ್ತೆ" ಎಂದದ್ದು ಕೇಳಿಸಿತು, ತಿರುಗಲಿಲ್ಲ. ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡಳು. ಮೆಟ್ಟು ಬಿಚ್ಚಲು ಕೈ ತಾನಾಗಿ ಬಗ್ಗಿತು. ಬಗ್ಗಿದ ಕೈಯನ್ನು ತಡೆದು, ಮೆಟ್ಟಿನ ಹುರಿಯನ್ನು ಇನ್ನಷ್ಟು ಬಿಗಿದಳು. ಎರಡು ಹಿಡಿ ಬೂದಿ ಚೆಲ್ಲಿ, ಬಲಗಾಲು ಎತ್ತಿ ಕಲ್ಲಿನ ಮೇಲಿಟ್ಟಳು.

ಮೊದಲ ಹೆಜ್ಜೆ ಖಾಲಿ ಜಾಗದ ಮೇಲೆ. ಈಚೆ ದಡದ ಕಡೆ ಕಲ್ಲಿನ ಬುಡ ಬಂದಿತ್ತು, ಇನ್ನೂ ಹೆಸರಿಲ್ಲದ ಭಾಗ. ಅಲ್ಲಿ ಅವಳು ಕಾಲನ್ನು ಬೇಕೆಂದೇ ಒತ್ತಿ ಊರಿದಳು. ಎರಡನೆಯ ಹೆಜ್ಜೆ ಎಲ್ಲಿ ಬೀಳಬೇಕೆಂದು ಕಾಲಿಗೆ ಗೊತ್ತಿತ್ತು. ಮೂರು ದಿನ ಬಗ್ಗಿ ಬಗ್ಗಿ ಮಣ್ಣು ತುಂಬಿದ ಜಾಗ. ಹಿಮ ಕುಸಿಯಿತು, ಮೆಟ್ಟಿನಡಿ ಅಕ್ಷರದ ತಗ್ಗು ಸಿಕ್ಕಿತು. ಹಿಡಿ ಹಿಡಿ ಬೂದಿ ಸುರಿದು, ಒಂದು ಕಾಲಾದ ಮೇಲೆ ಒಂದು ಕಾಲಿನಿಂದ, ಗಾರೆ ಕುಟ್ಟುವವರ ಹಾಗೆ ತುಳಿದಳು. ತಡಕೋ ಮಗ, ತಡಕೋ. ಈ ಮಗನನ್ನು ಅವಳು ಒಂದು ಏಟು ಹೊಡೆದವಳಲ್ಲ. ಮೂರನೆಯ ಹೆಜ್ಜೆ ಗಂಡನ ಮೇಲೆ. ಬಾಯಲ್ಲಿ ಬುದ್ಧನ ಹೆಸರು ಬರಲಿಲ್ಲ. ಭಯಕ್ಕೆ ಅದೂ ಮರೆತಿತ್ತು.

ಆಚೆ ದಡ ಮುಟ್ಟಿ ತಿರುಗಿ ನಿಂತಳು. ತಲೆ ಬಾಗಿಸದಿರಲು ಕತ್ತಿನ ನರ ಬಿಗಿಹಿಡಿದಳು.

ಕ್ಯಾಪ್ಟನ್ ನಗುತ್ತ ಅವಳ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ದಾಟಿದ. ಹಿಂದೆ ಬಂದ ಯುವಕ ಎರಡನೆಯ ಹೆಜ್ಜೆಯಲ್ಲಿ ನಿಂತುಬಿಟ್ಟ. ಕ್ಯಾಪ್ಟನ್ನನ ಬೂಟಿನ ಹಿಮ್ಮಡಿ ಬೂದಿಯನ್ನು ಕೆರೆದಿತ್ತು. ಯುವಕ ತಲೆ ತಗ್ಗಿಸಿ ನೋಡುತ್ತಲೇ ಇದ್ದ. ತೊಸೆ ಅವನ ಮುಖ ನೋಡಿದಳು. ಅವಳು ಬಿಟ್ಟು ಬಂದ ದಡದಲ್ಲಿ ಕಾನೆಮೊನ್ ಹಿಮದ ಮೇಲೆ ಕೂತೇಬಿಟ್ಟಿದ್ದ.

ಕ್ಯಾಪ್ಟನ್ ಏನೋ ಕೇಳಿದ. ಯುವಕ ಚಿಕ್ಕದಾಗಿ ಉತ್ತರ ಕೊಟ್ಟ. ಕ್ಯಾಪ್ಟನ್ ನಕ್ಕ. ಏನು ಹೇಳಿದನೋ ಯಾರಿಗೂ ತಿಳಿಯಲಿಲ್ಲ.

ಆಮೇಲೆ ಯುವಕ ತೊಸೆಯ ಕಡೆ ತಿರುಗಿ, ಆ ಹಳೆಯ ಕಾಲದ ಮಾತಿನಲ್ಲಿ ಅಂದ: "ಅಜ್ಜೀ, ಇಲ್ಲಿ ಇನ್ನೊಂದು ಹಿಡಿ ಹಾಕಿ. ಇಲ್ಲಿ ಜಾರುತ್ತೆ."

ಬೂಟಿನ ತುದಿಯಿಂದ ಅವನು ತೋರಿಸಿದ ಜಾಗ ಅದೇ.

ಜೀಪು ಹೋಯಿತು. ಭಯ ಹೋಗಲಿಲ್ಲ. ಅವನು ಇವತ್ತು ಹೇಳಲಿಲ್ಲ, ನಾಳೆ ಹೇಳಿದರೆ? ಕಚೇರಿಯಲ್ಲಿ ಕೂತು ಬರೆದುಕೊಟ್ಟರೆ? ಹಿಮ ಕರಗಿ, ಸಸಿಮಡಿ ಹಸಿರಾಗಿ, ನಾಟಿ ಮುಗಿಯುವ ತನಕ ಕೆಳಗಿನ ತಿರುವಿನಲ್ಲಿ ಏನು ಸದ್ದಾದರೂ ಊರು ಕೆಲಸ ನಿಲ್ಲಿಸಿ ಕಿವಿಗೊಡುತ್ತಿತ್ತು. ಯಾರೂ ಬರಲಿಲ್ಲ.

ಆದರೆ ಆ ದಿನದಿಂದ ಎಲ್ಲರೂ ಸೇತುವೆಯ ಮೇಲೆ ನಡೆದರು. ಮೊದಲ ವಾರ ಅಳುತ್ತ ನಡೆದವರಿದ್ದರು. ಯಸೊಜಿ ಕುದುರೆಗಾಡಿ ಹೊಡೆದ. ಕಬ್ಬಿಣದ ಪಟ್ಟಿಯ ಚಕ್ರ ದಡದಿಂದ ಕಲ್ಲಿಗೆ ಏರುವಾಗ ಕಲ್ಲಿನ ಬುಡಕ್ಕೆ ಬಡಿದು ಕಿಡಿ ಹಾರುತ್ತಿತ್ತು. ಪ್ರತಿ ಸಲವೂ ತೊಸೆ ಕಣ್ಣು ಮುಚ್ಚುತ್ತಿದ್ದಳು. ದಾಟುವಾಗ ಅವಳು ಏಳನೆಯ ಸಾಲನ್ನು ತಪ್ಪಿಸಲಿಲ್ಲ. ಒಂದು ಹೆಜ್ಜೆಗೆ ಮಗ, ಒಂದು ಹೆಜ್ಜೆಗೆ ಗಂಡ, ಬಾಯಲ್ಲಿ ಬುದ್ಧನ ಹೆಸರು. ರಾತ್ರಿ ಮಲಗುವ ಮುಂಚೆ ಮನೆಯ ಬುದ್ಧನ ಪೀಠದ ಮುಂದೆ ಕೂತು ತನ್ನ ಪಾದಗಳನ್ನು ಬಟ್ಟೆಯಿಂದ ಮುಚ್ಚಿಕೊಳ್ಳುತ್ತಿದ್ದಳು.

ಐದು ವರ್ಷದ ಮೇಲೆ ಅಮೆರಿಕನ್ನರು ಅಧಿಕಾರ ಬಿಟ್ಟುಕೊಟ್ಟರು. ಆ ಶರತ್ಕಾಲ ಕಲ್ಲನ್ನು ಎತ್ತುವುದೆಂದಾಯಿತು. ಪೀಪಾಯಿಗಳ ಮೇಲಿಂದ ಪೀಠದ ಕಲ್ಲುಗಳು ಉಪ್ಪಿನ ಬಿಳಿ ಹೊತ್ತು ಮೂಲಂಗಿ ವಾಸನೆಯೊಂದಿಗೆ ಬಂದವು. ಯಸೊಜಿ ಅಪ್ಪ ಇಟ್ಟಿದ್ದ ಗುರುತು ನೋಡಿ ಒಂದೊಂದನ್ನೂ ಅದರದರ ಮೂಲೆಗೆ ಕೂರಿಸಿದ. ಬಂಡೆ ಎದ್ದು, ಮೊದಲಿನ ಹಾಗೆ ಬೆರಳಿನಷ್ಟು ಬಾಗಿ ನಿಂತಿತು. ಅವನು ನೀರು ಹೊಯ್ದು ಬೆನ್ನಿನ ಗಾರೆ ಉಜ್ಜಿ ತೆಗೆಯತೊಡಗಿದ.

ತೊಸೆ ಹಿಂದಕ್ಕೆ ಹೋಗಲಿಲ್ಲ. ಮುಂಭಾಗದಲ್ಲೇ ನಿಂತಿದ್ದಳು. ತನ್ನ ಕಾಲು ಏನು ಮಾಡಿದೆಯೋ ಎಂದು ನೋಡುವ ಧೈರ್ಯವಿರಲಿಲ್ಲ.

"ಅತ್ತೆ, ಬನ್ನಿ," ಎಂದು ಇಕುನೊ ಕೈ ಹಿಡಿದು ಕರೆದುಕೊಂಡು ಹೋದಳು.

ಕಣ್ಣು ಮುಚ್ಚಿಕೊಂಡೇ ತೊಸೆ ಬೆರಳಿಟ್ಟಳು. ರಿಯೊಸುಕೆ ಇದ್ದ, ಅಂಚು ಸವೆದು. ಮೊರಿಯೊ ಇದ್ದ, ಅಕ್ಷರಗಳ ತಗ್ಗಿನಲ್ಲಿ ಬೂದಿ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಬೆರಳು ನಲವತ್ತೈದು ವರ್ಷದ ಹಿಂದಿನ ಹಾಗೆ ಇನ್ನೂ ಕೆಳಗಿಳಿಯಿತು. ಅಲ್ಲಿ ನುಣುಪು ಸಿಗಲಿಲ್ಲ. ಒರಟು, ತಗ್ಗು, ಚಕ್ಕೆ ಎದ್ದ ಮೈ. ಅವಳು ಕಣ್ಣು ತೆರೆದಳು. ಹನ್ನೊಂದು ಸಾಲಿನ ಕೆಳಗೂ ಖಾಲಿ ಜಾಗ ಪೂರ್ತಿ ಕಿತ್ತುಹೋಗಿತ್ತು.

ಯಸೊಜಿ ತಲೆ ಕೆರೆದುಕೊಂಡ. "ಗಾಡಿ ಚಕ್ರ ಬಡಿದದ್ದು ಇಲ್ಲೇ. ಹಿಮ ಹೊಕ್ಕು ಸಡಿಲಾಗಿದೆ. ಇಲ್ಲಿ ಇನ್ನು ಉಳಿ ನಿಲ್ಲಲ್ಲ ಅಜ್ಜಿ, ಇಟ್ರೆ ಪುಡಿಪುಡಿ. ನೋಡೋಕೆ ಚೆನ್ನಾಗಿಲ್ಲ. ಒಂದು ಬೆರಳು ಆಳ ಕಡಿದು ಮತ್ತೆ ನುಣುಪು ಮಾಡ್ಕೊಡ್ಲಾ? ಎರಡು ದಿನದ ಕೆಲಸ."

"ಈಗಿದ್ದ ಹಾಗೆ ಇದ್ರೆ ಹೆಸರು ಕೆತ್ತೋಕೆ ಆಗಲ್ಲ ಅಂತೀಯ?"

"ಆಗೋದೇ ಇಲ್ಲ."

ದಿಬ್ಬದ ಕೆಳಗಿನಿಂದ, ಶಾಲೆ ಬಿಟ್ಟ ಮಕ್ಕಳ ಗದ್ದಲ ಬರುತ್ತಿತ್ತು. ಅದರಲ್ಲಿ ಹರೆಯಕ್ಕೆ ಒಡೆಯುತ್ತಿದ್ದ ಒಂದು ದನಿ ಮೊಮ್ಮಗನದು. ತೊಸೆ ಆ ಒರಟು ಮೈಯ ಮೇಲೆ ಅಂಗೈಯನ್ನು ಪೂರ್ತಿ ಚಾಚಿ ಇಟ್ಟಳು.

"ಬಿಡು ಯಸೊಜಿ," ಎಂದಳು. "ಮುಟ್ಟಬೇಡ ಅದನ್ನ."